ಒಂದು ಮಾರು ರೀಲು

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷ ಇರುವಾಗ ಅಪ್ಪ ಮುಂಬಾಗಿಲು ಹಾಕಿ ಚಿಲಕ ಏರಿಸುತ್ತಿದ್ದರು. ಹತ್ತಕ್ಕೆ ಕಿಟಕಿಗೆ ಕಂಬಳಿ. ಹತ್ತೂ ಒಂದಕ್ಕೆ ನಡುಮನೆಯ ಸುಣ್ಣದ ಗೋಡೆಯ ಮೇಲೆ ಕೋಳಿ ಬರುತ್ತಿತ್ತು. ಹತ್ತೂ ಎಂಟಕ್ಕೆ ಕಂಬಳಿ ಇಳಿದು, ನಾಲ್ಕು ಮಡಿಕೆಯಾಗಿ, ಅಜ್ಜಿಯ ಮಂಚದ ಕಾಲ್ದೆಸೆಗೆ ಹೋಗುತ್ತಿತ್ತು. ವಾರಕ್ಕೆ ಏಳು ನಿಮಿಷ. ನಾನು ಆಮೇಲೆ ಕಂಡ ಯಾವ ಹಬ್ಬವೂ ಆ ಏಳು ನಿಮಿಷಕ್ಕೆ ಸಮನಾಗಲಿಲ್ಲ. ಅದು ನಿಂತುಹೋಗಿದ್ದು ನನ್ನಿಂದ ಎಂಬುದನ್ನು ಹೇಳುವುದಕ್ಕೆ ಈ ಅಧ್ಯಾಯ ಬರೆಯುತ್ತಿದ್ದೇನೆ.

ಗುಬ್ಬಿಯ ಸ್ಟೇಷನ್ ರಸ್ತೆಯಲ್ಲಿ ನಮ್ಮದು ರೈಲಿನ ಡಬ್ಬಿಗಳ ಹಾಗೆ ಒಂದರ ಹಿಂದೊಂದು ಮೂರು ಕೋಣೆಯ ಮನೆ. ಮೊದಲು ನಡುಮನೆ, ಅದರಲ್ಲಿ ಅಜ್ಜಿಯ ಮಂಚ. ಆಮೇಲೆ ಕತ್ತಲೆಯ ಕೋಣೆ, ಅದರಲ್ಲಿ ರಾಗಿ ತುಂಬಿದ ಮಣ್ಣಿನ ವಾಡೆ, ಅಪ್ಪನ ಟ್ರಂಕು. ಆಮೇಲೆ ಅಡುಗೆಮನೆ. ಹಿಂಬಾಗಿಲು ದಾಟಿದರೆ ಒಂದು ತೆಂಗಿನ ಮರ, ಬಾವಿ, ಬಟ್ಟೆ ಒಗೆಯುವ ಕಲ್ಲು. ಅಪ್ಪ ಇಲಾಖೆಯೊಂದರ ಪ್ರಚಾರದ ವ್ಯಾನಿನಲ್ಲಿ ಪ್ರೊಜೆಕ್ಟರ್ ನಡೆಸುತ್ತಿದ್ದರು. ಹಳ್ಳಿ ಹಳ್ಳಿಗೆ ಹೋಗಿ ಬಿಳಿ ಪರದೆ ಕಟ್ಟಿ, ಸಿಡುಬಿನ ಚುಚ್ಚುಮದ್ದು, ಗೊಬ್ಬರದ ಗುಂಡಿ, ಇಂಥ ಸಿನಿಮಾ ತೋರಿಸುವುದು ಅವರ ಕೆಲಸ. ಗೊಬ್ಬರದ ಗುಂಡಿ ನೋಡಲು ಯಾರು ಬರುತ್ತಾರೆ? ಜನ ಸೇರಲಿ ಎಂದು ಮೊದಲಿಗೆ ಒಂದು ವಿದೇಶಿ ಕಾರ್ಟೂನ್ ರೀಲು ಹಾಕುತ್ತಿದ್ದರು. ಅದೇ ನಮ್ಮ ಕೋಳಿ. ಇಲಾಖೆಯ ಶೆಡ್ಡು ಸೋರುತ್ತಿದ್ದುದರಿಂದ ಪ್ರೊಜೆಕ್ಟರ್ ಮತ್ತು ರೀಲು ನಮ್ಮ ಮನೆಯ ಟ್ರಂಕಿನಲ್ಲೇ ಇರುತ್ತಿದ್ದವು. ಭಾನುವಾರ ಅಪ್ಪ ಮೆಷಿನ್ನು ಬಿಚ್ಚಿ ಒರೆಸಿ ಎಣ್ಣೆ ಬಿಟ್ಟು, ಸರಿಯಾಗಿದೆಯೇ ಎಂದು ನೋಡಲು ಆ ರೀಲನ್ನು ಒಮ್ಮೆ ಓಡಿಸುತ್ತಿದ್ದರು. ಅವರ ಭಾಷೆಯಲ್ಲಿ ಅದು ಸಿನಿಮಾ ಅಲ್ಲ, ಟೆಸ್ಟು.

ಮನೆಯೇ ಒಂದು ಟೆಸ್ಟಿನ ಹಾಗೆ ನಡೆಯುತ್ತಿತ್ತು. ಅಡುಗೆಮನೆಯ ಬಾಗಿಲಿಗೆ ಅಪ್ಪ ದುಂಡಗಿನ ಅಕ್ಷರದಲ್ಲಿ ವೇಳಾಪಟ್ಟಿ ಬರೆದು ಅಂಟಿಸಿದ್ದರು. ಐದೂವರೆಗೆ ಏಳುವುದು, ಆರಕ್ಕೆ ಸ್ನಾನ, ಏಳೂವರೆಗೆ ರೊಟ್ಟಿ, ಹನ್ನೆರಡೂವರೆಗೆ ಮುದ್ದೆ. ಮುದ್ದೆ ಹನ್ನೆರಡೂ ಮುಕ್ಕಾಲಕ್ಕೆ ಬಂದರೆ ಅಪ್ಪ ಬಯ್ಯುತ್ತಿರಲಿಲ್ಲ, ಗಡಿಯಾರ ನೋಡುತ್ತಿದ್ದರು. ಅದಕ್ಕಿಂತ ಬಯ್ಗುಳ ವಾಸಿ ಎಂದು ಅಮ್ಮ ಹೇಳುತ್ತಿದ್ದಳು.

"ಹಸಿವಿಗೂ ಕೀ ಕೊಟ್ಟು ಮಡಗವ್ರೆ ನಿಮ್ಮಪ್ಪ. ಟ್ರಿಂಗ್ ಅಂದ್ರೆ ಹಸೀಬೇಕು."

ನನಗೆ ಮಾತ್ರ ಆ ಪಟ್ಟಿ ಹಿಡಿಸಿತ್ತು. ಮುಂದೆ ತುಮಕೂರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿ ಕಾಲ ಕಳೆದೆ. ನನ್ನ ಗಂಟೆಯ ಸದ್ದಿಗೆ ಎದ್ದು, ಉಂಡು, ಓದಿದ ಹುಡುಗಿಯರು ಎಷ್ಟೋ ಮಂದಿ. ತುಮಕೂರಿನದೇ ಉಪ್ಪಾರಹಳ್ಳಿಯಲ್ಲಿ ನಾನೀಗಿರುವ ಮನೆಯ ಅಡುಗೆಮನೆ ಬಾಗಿಲಿಗೂ ಒಂದು ಪಟ್ಟಿ ಇದೆ, ನಾನೊಬ್ಬಳೇ ಇದ್ದರೂ.

ಸ್ಪೀಕರಿನ ಪೆಟ್ಟಿಗೆ ವ್ಯಾನಿನಲ್ಲೇ ಉಳಿಯುತ್ತಿದ್ದುದರಿಂದ ನಮ್ಮ ಮನೆಯ ಕೋಳಿಗೆ ದನಿ ಇರಲಿಲ್ಲ. ಆ ಕೊರತೆ ತುಂಬಿದವಳು ಅಮ್ಮ. ಕತೆ ಇಷ್ಟೇ: ಸೆರಗು ಹೊದ್ದ ಒಂದು ಕೋಳಿ ಏಳು ಮರಿ ಕಟ್ಟಿಕೊಂಡು ಮರದ ಬಾನಿಯಲ್ಲಿ ಹೊಳೆ ದಾಟುತ್ತದೆ. ಆಚೆ ದಡದಲ್ಲಿ ಎಣಿಸಿದರೆ ಆರೇ ಮರಿ. ಹೊಳೆ, ಪೊದೆ, ನರಿಯ ಬಿಲ, ಎಲ್ಲ ಹುಡುಕುತ್ತದೆ. ಕೊನೆಗೆ ತಿರುಗಿ ನೋಡಿದರೆ ಏಳನೆಯ ಮರಿ ಅದರ ಬೆನ್ನ ಮೇಲೇ ಕೂತಿದೆ. ಆಮೇಲೆ ಎಲ್ಲರೂ ಬಾನಿಯಲ್ಲಿ ಮಲಗುತ್ತಾರೆ. ಮೊದಲ ಸಲ ನೋಡಿದಾಗ ಅಜ್ಜಿ ಬೆರಗಾಗಿ ಅಪ್ಪನಿಗೆ ಹೇಳಿದ್ದು ನೆನಪಿದೆ.

"ಕಂಕುಳಲ್ಲಿ ಮಗು ಮಡಿಕ್ಕೊಂಡು ಊರೆಲ್ಲ ಹುಡುಕಿದ್ರಂತೆ ಅನ್ನೋದು ನಮ್ ಗಾದೆ ಕಣೋ ರಂಗಪ್ಪ. ಆ ದೇಶದೋರಿಗೆ ಯಾರು ಹೇಳಿದ್ರೋ?"

ಅಮ್ಮ ಕೋಳಿ. ಅಜ್ಜಿ ನರಿ, ಹಲ್ಲಿಲ್ಲದ ನರಿ ಎಂದು ಅಮ್ಮ ಚುಡಾಯಿಸುತ್ತಿದ್ದಳು. ನಾನು ಹೊಳೆ, ಗಾಳಿ ಮತ್ತು ಆರು ಮರಿ. ಆರು ವರ್ಷದ ನನ್ನ ತಂಗಿ ನಾಗು ಏಳನೆಯ ಮರಿ, ಕೊನೆಯಲ್ಲಿ ಒಂದೇ ಮಾತು, "ಇಲ್ಲೇ ಇದೀನಿ ಕಣಮ್ಮ." ಅಷ್ಟು ಹೇಳಲು ಅವಳು ಶನಿವಾರದಿಂದಲೇ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಅಪ್ಪ ಮಾತಾಡುತ್ತಿರಲಿಲ್ಲ, ಆದರೆ ಮೆಷಿನ್ನಿನ ಬೆಳಕಿನಲ್ಲಿ ಅವರ ಮೀಸೆ ಅಲುಗುವುದು ಕಾಣುತ್ತಿತ್ತು. ನಮ್ಮ ರೀಲು ಕಪ್ಪು ಬಿಳುಪು. ಕೋಳಿಯ ಸೆರಗಿನ ನಿಜವಾದ ಬಣ್ಣ ಯಾವುದು ಎಂಬುದು ಮುದ್ದೆಯ ಹೊತ್ತಿನ ಜಗಳ. ಅಜ್ಜಿ ಕುಂಕುಮ ಎನ್ನುವಳು, ಅಮ್ಮ ಮಾವಿನೆಲೆ ಹಸಿರು, ನಾಗು ಇಂಕಿನ ನೀಲಿ.

"ಬಿಳಿ ಕಾಣ್ತದಲ್ಲ, ಬಿಳಿ," ಎಂದು ಅಪ್ಪ ಸಾರು ಕಲಸುವರು. "ಕಂಡಿದ್ದನ್ನ ಹೇಳಿ. ಊಹೆ ಬೇಡ."

ಈಗ ನನ್ನ ಮನೆಯ ಉಕ್ಕಿನ ಬೀರುವಿನಲ್ಲಿ ಸೀರೆಗಿಂತ ಹೆಚ್ಚು ಕಾರ್ಟೂನ್ ಡಿಸ್ಕುಗಳಿವೆ. ನಿವೃತ್ತಿಯ ದಿನ ಹಾಸ್ಟೆಲಿನ ಹಳೆಯ ಹುಡುಗಿಯೊಬ್ಬಳು ಒಂದು ಡಿಸ್ಕು ತಂದುಕೊಟ್ಟಳು. ನಮ್ಮ ಕೋಳಿಯ ಕತೆಯನ್ನು ನಾನು ಎಂದೋ ಅವಳಿಗೆ ಹೇಳಿದ್ದೆನಂತೆ. ಅಂಥ ಹಳೆಯ ಏಳೇಳು ನಿಮಿಷದ ಚಿತ್ರಗಳನ್ನು ಹುಡುಕಿ, ತೊಳೆದು, ಬಣ್ಣ ಮರಳಿಸಿ ಹೊಸದರ ಹಾಗೆ ಮಾಡುವವರು ಇದ್ದಾರೆಂದು ಆಗ ತಿಳಿಯಿತು. ಅಂದಿನಿಂದ ತರಿಸುತ್ತಿದ್ದೇನೆ. ನಮ್ಮ ಚಿತ್ರದ ಹೆಸರು ನನಗೆ ಗೊತ್ತಿರಲಿಲ್ಲ. ಹೆಸರಿನ ತುಂಡು ನಾವು ನೋಡುವ ಮೊದಲೇ ಸವೆದು ಹೋಗಿತ್ತು. ಹಾಗಾಗಿ ಎಲ್ಲವನ್ನೂ ನೋಡಬೇಕು. ದಿನಕ್ಕೆ ಎರಡು, ಸಂಜೆ ನಾಲ್ಕರಿಂದ ನಾಲ್ಕೂಕಾಲು. ಗೆರೆ ಎಳೆದ ನೋಟ್‌ಬುಕ್ಕಿನಲ್ಲಿ ಹೆಸರು, ನಿಮಿಷ, ಕೊನೆಯಲ್ಲಿ ಒಂದು ಕಲಂ: ಕೋಳಿ ಇದೆ, ಇಲ್ಲ. ಕನ್ನಡಕದ ಕೋಳಿ, ಭಜನೆ ಮಾಡುವ ಕೋಳಿ, ಪೊಲೀಸ್ ಕೋಳಿ ಎಲ್ಲ ಬಂದವು, ನಮ್ಮದು ಬರಲಿಲ್ಲ. ನೋಡುತ್ತಾ ನೋಡುತ್ತಾ ಒಳ್ಳೆಯ ಕೆಲಸ ಯಾವುದು, ಕೆಟ್ಟದ್ದು ಯಾವುದು ಎಂದೂ ಕಲಿತೆ. ಕೆಲವರು ಎಷ್ಟು ಉಜ್ಜುತ್ತಾರೆಂದರೆ ಧೂಳಿನ ಜೊತೆ ಚಿತ್ರಗಾರನ ಸಣ್ಣ ಗೆರೆಯೂ ಹೋಗಿಬಿಡುತ್ತದೆ. ಬೆಕ್ಕಿಗೆ ಮೀಸೆ ಇರುವುದಿಲ್ಲ. ಅಂಥವನ್ನು ಬೀರುವಿನ ಕೆಳಗಿನ ಖಾನೆಗೆ ಹಾಕುತ್ತೇನೆ. ಕುಣಿಗಲ್ಲಿನಲ್ಲಿರುವ ನಾಗು ಬಂದಾಗಲೆಲ್ಲ ಬೀರು ತೆಗೆದು ನಗುತ್ತಾಳೆ.

"ಏನೇ ಅಕ್ಕ, ಬೇರೆ ಮುದುಕೀರು ರಾಮಕೋಟಿ ಬರೀತಾರೆ, ನೀನು ಕೋಳಿಕೋಟಿ ಬರೀತಿದೀಯಾ?"

ನಗುವವಳಿಗೆ ಕಾರಣ ಗೊತ್ತಿರಲಿಲ್ಲ. ಹಳೆಯ ನೆನಪಿನ ಹುಚ್ಚು ಎಂದುಕೊಂಡಿದ್ದಳು. ನನಗೆ ಬೇಕಿದ್ದುದು ಇಡೀ ಚಿತ್ರವಲ್ಲ, ಅದರಲ್ಲಿನ ಏಳೆಂಟು ಸೆಕೆಂಡು. ಕೋಳಿ ತಿರುಗಿ ಮರಿಯನ್ನು ಕಾಣುವ ಆ ಜಾಗ. ಅಲ್ಲಿ ಅಮ್ಮ ಹೇಳುತ್ತಿದ್ದ ಒಂದು ಮಾತು ಇತ್ತು. ಬೇರೆ ಎಲ್ಲ ಮಾತೂ ನನಗೆ ಬಾಯಿಪಾಠ, ಅದೊಂದು ಮರೆತುಹೋಗಿತ್ತು. ಮರೆಯದೆ ಏನು, ಆ ಜಾಗವನ್ನೇ ನಾನು ಕತ್ತರಿಸಿ ತೆಗೆದಿದ್ದೆ.

ಅದು ನಡೆದದ್ದು ಹೀಗೆ. ಅಮ್ಮನ ದನಿ ದೊಡ್ಡದು. ಬಾಗಿಲು ಹಾಕಿ ಕಂಬಳಿ ಕಟ್ಟಿದರೂ ರಸ್ತೆಗೆ ಕೇಳುತ್ತಿತ್ತು. ಸ್ಟೇಷನ್ನಿಗೆ ಹೋಗುವವರು ಕಿಟಕಿಯ ಕೆಳಗೆ ನಿಂತು ಕೇಳಿ, ನಕ್ಕು ಹೋಗತೊಡಗಿದರು. ಒಂದು ದಿನ ನಲ್ಲಿಯ ಹತ್ತಿರ ಯಾರೋ ಅಜ್ಜಿಗೆ, "ನಿಮ್ ಸೊಸೆ ಭಾನುವಾರ ಭಾನುವಾರ ಕೋಳಿ ಕೂಗ್ತಾಳಂತೆ, ಟಿಕೀಟು ಎಷ್ಟು?" ಎಂದುಬಿಟ್ಟರು. ಅಜ್ಜಿ ಖಾಲಿ ಬಿಂದಿಗೆ ಹಿಡಿದು ಮನೆಗೆ ಬಂದಳು. ತಾನೂ ನರಿ ಎಂಬುದು ಅವಳಿಗೆ ಆ ಕ್ಷಣ ಮರೆತಿತ್ತು.

"ಗುಬ್ಬೀಲಿ ನಾಟಕದ ಕಂಪನಿ ಸಾಲ್ದು ಅಂತ ನಮ್ಮನೇಲೂ ಒಂದಾ? ಇವಳ ಕೋಳಿ ಕೂಗ್ದೆ ಇದ್ರೆ ಬೆಳಗಾಗಲ್ವಾ?"

ಅಮ್ಮ ಹಿಟ್ಟಿನ ಕೋಲು ಹಿಡಿದವಳು ಅಪ್ಪನ ಮುಖ ನೋಡಿದಳು. ಅಪ್ಪ ಏನಾದರೂ ಹೇಳಲಿ ಎಂದು ಕಾದಳು. ಅಪ್ಪ ಹೇಳಿದರು.

"ಸರ್ಕಾರಿ ಮೆಷಿನ್ನು. ನಾಲ್ಕು ಜನ ಸೇರೋದು ನನ್ ಕೆಲಸಕ್ಕೂ ಒಳ್ಳೇದಲ್ಲ. ಟೆಸ್ಟು ನಡೀಲಿ. ಕೋಳಿ ಬೇಡ."

ಅಂದು ಮುದ್ದೆ ಸರಿಯಾಗಿ ಹನ್ನೆರಡೂವರೆಗೆ ಬಂತು. ಮರುದಿನ ಕುಣಿಗಲ್ಲಿನಿಂದ ಸೋದರಮಾವ ಬಂದರು. ಅಮ್ಮನ ತಾಯಿಗೆ ಮಂಡಿನೋವು ಎಂಬುದು ನೆಪವಾಯಿತು. ಹದಿನೈದು ದಿನ ಎಂದು ಹೇಳಿ ಅಮ್ಮ ಹೊರಟಳು. ಬಸ್ಸು ಹತ್ತುವಾಗ ನಾಗುವಿನ ಮೂಗು ಒರೆಸಿದಳು, ನನ್ನ ಕೈಗೆ ಅಡುಗೆಮನೆಯ ಬೀಗದ ಕೈ ಕೊಟ್ಟಳು. ಹದಿನೈದು ದಿನ ಕಳೆಯಿತು, ತಿಂಗಳಾಯಿತು. ಅಪ್ಪ ಕರೆಯಲು ಹೋಗಲಿಲ್ಲ. ಅಮ್ಮ ಬರಲಿಲ್ಲ. ರೊಟ್ಟಿ, ಮುದ್ದೆ ಎಲ್ಲವೂ ಪಟ್ಟಿಯಂತೆ ನಡೆಯಿತು, ಅಜ್ಜಿ ಮಾಡುತ್ತಿದ್ದಳು. ಪಟ್ಟಿಯಲ್ಲಿ ಇಲ್ಲದ್ದು ಮಾತ್ರ ನಿಂತುಹೋಯಿತು: ಒಲೆಯ ಮುಂದಿನ ಹರಟೆ, ಹೇನು ನೋಡುವುದು, ಸುಮ್ಮನೆ ನಗುವುದು.

ಭಾನುವಾರದ ಟೆಸ್ಟು ಮಾತ್ರ ಅಪ್ಪ ಬಿಡಲಿಲ್ಲ. ಗೋಡೆಯ ಮೇಲೆ ಕೋಳಿ ಬಾಯಿ ತೆರೆದು ತೆರೆದು ಮುಚ್ಚುತ್ತಿತ್ತು, ಮೆಷಿನ್ನಿನ ಟಕಟಕ ಬಿಟ್ಟರೆ ಸದ್ದಿಲ್ಲ. ಅಜ್ಜಿ ನರಿಯಾಗಲಿಲ್ಲ, ನಾನು ಗಾಳಿಯಾಗಲಿಲ್ಲ. ಆದರೆ ಕೋಳಿ ಕೊನೆಗೆ ತಿರುಗಿ ನೋಡಿದಾಗ, ಯಾರೂ ಕೇಳದೆ ಇದ್ದರೂ ನಾಗು ತನ್ನ ಮಾತು ಹೇಳಿದಳು. "ಇಲ್ಲೇ ಇದೀನಿ ಕಣಮ್ಮ." ಹೇಳಿ, ಗೋಡೆಯನ್ನು ನೋಡುತ್ತಾ ಅತ್ತಳು. ಆ ಅಳು ನನ್ನ ತಲೆಯಲ್ಲಿ ಒಂದು ಯೋಚನೆ ಹುಟ್ಟಿಸಿತು. ಅಮ್ಮನಿಗೆ ನಾವು ಕಾಣುತ್ತಿಲ್ಲ, ಅದಕ್ಕೇ ಬರುತ್ತಿಲ್ಲ. ಮರಿ ಸಿಕ್ಕುವ ಜಾಗವನ್ನು ಕಳಿಸಿದರೆ ನೋಡಿ ಬರುತ್ತಾಳೆ. ಒಂಬತ್ತು ವರ್ಷದ ನನಗೆ ಅದು ಕಾಗದ ಬರೆಯುವುದಕ್ಕಿಂತ ಸಲೀಸಾದ ದಾರಿಯಾಗಿ ತೋರಿತು. ರೀಲಿರುವ ಮನೆಯಲ್ಲಿ ಬೆಳೆದ ಮಕ್ಕಳಿಗೆ ಮಾತ್ರ ಹೊಳೆಯುವ ದಾರಿ.

ಮುಂದಿನ ಶನಿವಾರ ಮಾವ ಬಂದರು, ಯುಗಾದಿಗೆ ಉಡಲು ಅಮ್ಮನ ರೇಷ್ಮೆ ಸೀರೆ ಬೇಕೆಂದು. ಅಂದರೆ ಹಬ್ಬಕ್ಕೂ ಅವಳು ಬರುವುದಿಲ್ಲ. ಅವರಿಗೆ ಅಜ್ಜಿ ಊಟ ಬಡಿಸುತ್ತಿರುವಾಗ, ಅಪ್ಪ ಇಲಾಖೆಗೆ ಹೋಗಿದ್ದಾಗ, ನಾನು ಕ್ಯಾಲೆಂಡರಿನ ಹಿಂದಿದ್ದ ಕೀ ತೆಗೆದು ಟ್ರಂಕು ತೆರೆದೆ. ರೀಲನ್ನು ಹಿಂಬಾಗಿಲ ಬಿಸಿಲಿಗೆ ಹಿಡಿದು ಆ ಜಾಗ ಹುಡುಕಿದೆ. ಅಮ್ಮನ ಕತ್ತರಿಯಿಂದ ಎರಡು ಕಡೆ ಕತ್ತರಿಸಿದೆ. ಎರಡೂ ಕೈ ಚಾಚಿದರೆ ಸರಿಯಾಗಿ ನನ್ನ ಒಂದು ಮಾರು ಉದ್ದ ಬಂತು. ಉಳಿದ ಎರಡು ತುದಿಯನ್ನು, ಅಪ್ಪ ಮಾಡುವುದನ್ನು ನೋಡಿದ್ದೆನಲ್ಲ, ಹಾಗೆಯೇ ಒಂದರ ಮೇಲೊಂದು ಇಟ್ಟು ಅಂಟಿಸಿದೆ. ಆದರೆ ಅಪ್ಪನ ಅಂಟಿನ ಸೀಸೆ ಅವರ ಜೇಬಿನಲ್ಲಿತ್ತು. ನಾನು ಬಳಸಿದ್ದು ಶಾಲೆಯ ಗೋಂದು. ಮಾರುದ್ದದ ಚೂರನ್ನು ಸುರುಳಿ ಸುತ್ತಿ ರೇಷ್ಮೆ ಸೀರೆಯ ಮಡಿಕೆಯೊಳಗೆ ತೂರಿಸಿದೆ. ಮಾವ ಗಂಟು ಎತ್ತಿಕೊಂಡು ಎರಡು ಗಂಟೆಯ ಬಸ್ಸಿಗೆ ಹೋದರು. ಅವಸರದಲ್ಲಿ ಕತ್ತರಿ ಹಿಂಬಾಗಿಲ ಮೆಟ್ಟಿಲ ಮೇಲೇ ಉಳಿಯಿತು.

ಅಂದು ಸಂಜೆ ವ್ಯಾನು ನಿಟ್ಟೂರಿನಲ್ಲಿ ನಿಂತಿತ್ತು. ಊರಿಗೆ ಊರೇ ಕೂತಿದ್ದಾಗ ನನ್ನ ಗೋಂದಿನ ಅಂಟು ಬಿಟ್ಟುಕೊಂಡಿತು. ಅಪ್ಪ ಅಲ್ಲೇ ಸರಿಯಾದ ಅಂಟು ಹಾಕಿ ಮತ್ತೆ ಓಡಿಸಿದರು. ಓಡಿಸಿದರೆ, ಕೋಳಿ ಹುಡುಕುತ್ತಾ ಹುಡುಕುತ್ತಾ ಇದ್ದಕ್ಕಿದ್ದಂತೆ ಬಾನಿಯಲ್ಲಿ ಮಲಗಿದೆ. ಜನ ಎದ್ದು ನಿಂತು ಕೂಗಿದರಂತೆ, "ಮರಿ ಎಲ್ಲಿ ಸ್ವಾಮಿ? ಸಿಕ್ತೋ ಇಲ್ವೋ ಹೇಳಿ!" ಅಪ್ಪ ರೀಲಿನ ರಿಪೇರಿಗೆ ಒಂದು ರಿಜಿಸ್ಟರ್ ಇಟ್ಟಿದ್ದರು. ಪ್ರತಿ ಪುಟದಲ್ಲೂ ಕೊನೆಯ ಸಾಲು "ಫ್ರೇಮ್ ನಷ್ಟ: ಇಲ್ಲ" ಎಂದೇ ಇರುತ್ತಿತ್ತು. ಆ ಭಾನುವಾರ ಬೆಳಿಗ್ಗೆ ಅವರು ಪೆನ್ನು ಹಿಡಿದು ಬಹಳ ಹೊತ್ತು ಕೂತು, "ನನ್ನ ಅಜಾಗರೂಕತೆಯಿಂದ ಹರಿದಿದೆ" ಎಂದು ಬರೆದರು. ಬರೆದಾದ ಮೇಲೆ ನಮ್ಮಿಬ್ಬರನ್ನೂ ಕರೆದರು. ಅಷ್ಟರಲ್ಲಿ ಅಜ್ಜಿ ನಾಗುವಿನ ಗೊಂಬೆಯ ಡಬ್ಬಿ ತಂದು ಮುಂದಿಟ್ಟಳು; ಅದರಲ್ಲಿ ಅಮ್ಮನ ಕತ್ತರಿ ಇತ್ತು. ಮೆಟ್ಟಿಲ ಮೇಲೆ ಬಿದ್ದಿದ್ದ ಕತ್ತರಿಯನ್ನು ನಾಗು ಎತ್ತಿಕೊಂಡು ಹೋಗಿ ಗೊಂಬೆಗೆ ಲಂಗ ಕತ್ತರಿಸಿದ್ದಳು.

"ಎಲ್ಲಿ ಮಡಗಿದೀಯಾ ಹೇಳು," ಎಂದರು ಅಪ್ಪ. ಕೂಗಲಿಲ್ಲ.

"ಏನನ್ನ?" ಎಂದಳು ನಾಗು.

"ಹೇಳೋ ತನಕ ನಿನಗೆ ಟೆಸ್ಟು ಇಲ್ಲ."

ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ತೆರೆಯಲು ಒಂದು ಉಸಿರು ಸಾಕಿತ್ತು. ಆದರೆ ನಾನು ಆ ಮನೆಯ ಒಳ್ಳೆಯ ಹುಡುಗಿ; ಐದೂವರೆಗೆ ಕರೆಯದೇ ಏಳುವವಳು. ಆ ಹೆಸರು ಬಿಟ್ಟುಕೊಡಲು ನನ್ನಿಂದ ಆಗಲಿಲ್ಲ. ನಾಗುವನ್ನು ಹಿತ್ತಲಿಗೆ ಕಳಿಸಿ ಹಿಂಬಾಗಿಲು ಹಾಕಿದರು. ಒಗೆಯುವ ಕಲ್ಲಿನ ಮೇಲೆ ಗೊಂಬೆ ಹಿಡಿದು ಕೂತಳು. ನಾವು ಮೂವರು ಒಳಗೆ ಕೂತು, ಮರಿ ಸಿಗದ ಕೋಳಿಯನ್ನು ನೋಡಿದೆವು. ಹೀಗೆ ಮೂರು ಭಾನುವಾರ.

ಯುಗಾದಿಯ ದಿನ ಅಮ್ಮ ಉಡಲೆಂದು ರೇಷ್ಮೆ ಸೀರೆಯ ಮಡಿಕೆ ಬಿಚ್ಚಿದಳು. ಅದಾದ ಎರಡನೆಯ ದಿನಕ್ಕೆ, ಯಾರೂ ಕರೆಯದೆ, ಗುಬ್ಬಿಯ ಬಸ್ಸಿನಿಂದ ಇಳಿದಳು. ಬಂದವಳೇ ಒಲೆಯ ಬೂದಿ ತೆಗೆದು ಮುದ್ದೆಗೆ ಎಸರಿಟ್ಟಳು. ಮರುದಿನ ಬೆಳಿಗ್ಗೆ ನನ್ನ ತಲೆ ಬಾಚುತ್ತಾ, ಬಾಚಣಿಗೆಯನ್ನು ಅರ್ಧಕ್ಕೆ ನಿಲ್ಲಿಸಿ ಮೆಲ್ಲಗೆ ಹೇಳಿದಳು.

"ಬಿಸಿಲಿಗೆ ಹಿಡಿದು ನೋಡ್ದೆ ಕಣೇ. ಎಲ್ಲಾ ಕಾಣ್ತು."

ಹೇಳಿ ಕಾದಳು. ಅವಳಿಗೆ ನಾಗುವಿನ ಶಿಕ್ಷೆಯ ಸುದ್ದಿ ಆಗಲೇ ಅಜ್ಜಿಯಿಂದ ತಿಳಿದಿತ್ತು. ನಾನೇ ಹೋಗಿ ಅಪ್ಪನಿಗೆ ಹೇಳಲಿ ಎಂದು ಕಾದಳು. ನಾನು "ಹೂಂ" ಎಂದೆ, ಅಷ್ಟೇ. ಬಾಚಣಿಗೆ ಮತ್ತೆ ಓಡಿತು. ಅಂದಿನ ಜಡೆ ಎಷ್ಟು ಬಿಗಿಯಾಗಿತ್ತೆಂದರೆ ಸಂಜೆಯವರೆಗೆ ಹುಬ್ಬು ಇಳಿಯಲಿಲ್ಲ.

ಭಾನುವಾರ ಹತ್ತಕ್ಕೆ ಐದು ನಿಮಿಷ ಇರುವಾಗ ಅಪ್ಪ ಎದ್ದು, ಅಮ್ಮನ ಕಡೆ ನೋಡದೆ, ಗೋಡೆಗೆ ಹೇಳಿದರು.

"ಕೋಳಿ ಇದ್ರೆ ಇರ್ಲಿ. ನಂದೇನೂ ತಕರಾರಿಲ್ಲ."

ಅದು ಅವರು ಕೇಳಿದ ಕ್ಷಮೆ. ಅವರ ಬಾಯಿಂದ ಅಷ್ಟು ಬಂದದ್ದೇ ದೊಡ್ಡದು. ಅಮ್ಮ ನಾಗುವಿನ ಕೈ ಹಿಡಿದುಕೊಂಡಿದ್ದಳು.

"ಮಗೂನೂ ಒಳಗೆ ಕೂರ್ಲಿ."

"ಹೇಳೋ ತನಕ ಇಲ್ಲ."

"ಹಂಗಾದ್ರೆ ನನಗೂ ಬೇಡ," ಎಂದು ಅಮ್ಮ ನಾಗುವಿನ ಜೊತೆ ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತಳು. ಹೋಗುವಾಗ ನನ್ನನ್ನು ನೋಡಿದಳು. ನಾನು ಕಂಬಳಿ ಹಿಡಿದು ನಿಂತಿದ್ದೆ. ಅಪ್ಪ ಒಂದು ನಿಮಿಷ ನಿಂತು, ಮೆಷಿನ್ನಿಗೆ ಮುಚ್ಚಳ ಹಾಕಿದರು. ಅದೇ ಕೊನೆ. ಸ್ವಲ್ಪ ದಿನಕ್ಕೆ ಹೊಸ ಶೆಡ್ಡು ಕಟ್ಟಿದರು, ಪ್ರೊಜೆಕ್ಟರ್ ಮನೆಗೆ ಬರುವುದು ನಿಂತಿತು. ಆ ಚೂರನ್ನು ಅಮ್ಮ ಏನು ಮಾಡಿದಳೋ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ, ಸಾಯುವವರೆಗೂ. ನಾಗುವಿಗೆ ಮನೆಯಲ್ಲಿ "ಕತ್ತರಿ ನಾಗು" ಎಂಬ ಹೆಸರು ನಿಂತಿತು. ಅವಳ ಮದುವೆಯಲ್ಲಿ ಅಪ್ಪ ಹೊಲಿಗೆ ಮೆಷಿನ್ನು ಕೊಟ್ಟು, "ಕತ್ತರಿ ಇವಳಿಗೆ ಹೊಸದಲ್ಲ" ಎಂದಾಗ ಪಂಕ್ತಿಯೆಲ್ಲ ನಕ್ಕಿತು. ಆ ಮೆಷಿನ್ನಿನಿಂದಲೇ ಅವಳು ಕುಣಿಗಲ್ಲಿನಲ್ಲಿ ಅಂಗಡಿ ಹಾಕಿ ಮಕ್ಕಳನ್ನು ಓದಿಸಿದಳು.

ಕಳೆದ ತಿಂಗಳು ಒಂದು ಹೊಸ ಡಿಸ್ಕು ಬಂತು. ಎರಡನೆಯ ದಿನ, ನಾಲ್ಕೂ ಏಳಕ್ಕೆ, ಟಿವಿಯ ಮೇಲೆ ಮರದ ಬಾನಿ ತೇಲಿಕೊಂಡು ಬಂತು. ನಾನು ಎದ್ದು ನಿಂತೆ. ಇವರು ಒಳ್ಳೆಯ ಕೆಲಸಗಾರರು. ಧೂಳು ಹೋಗಿತ್ತು, ಗೆರೆ ಉಳಿದಿತ್ತು, ಮರಿಗಳ ಕೊಕ್ಕಿನ ಪೆನ್ಸಿಲ್ ನಡುಕ ಕೂಡ ಕಾಣುತ್ತಿತ್ತು. ಕೋಳಿ ಎಣಿಸಿತು, ಹುಡುಕಿತು. ತಿರುಗುವ ಮೊದಲು ನಾನು ರಿಮೋಟ್ ಒತ್ತಿ ನಿಲ್ಲಿಸಿದೆ. ಅದನ್ನು ಒಬ್ಬಳೇ ನೋಡುವ ಹಕ್ಕು ನನಗಿಲ್ಲ. ನೋಟ್‌ಬುಕ್ಕಿನ ಕೊನೆಯ ಕಲಂ ಖಾಲಿ ಬಿಟ್ಟು ನಾಗುವಿಗೆ ಫೋನ್ ಮಾಡಿದೆ.

"ಕೋಳಿ ಸಿಕ್ತು."

"ಯಾವ ಕೋಳಿ? ಅಯ್ಯೋ, ನಮ್ ಕೋಳೀನಾ?"

"ಭಾನುವಾರ ಹತ್ತಕ್ಕೆ ಬಾ. ಲೇಟ್ ಮಾಡಬೇಡ."

ಹತ್ತೂ ಇಪ್ಪತ್ತಕ್ಕೆ ಬಂದಳು. ಕೈಯಲ್ಲಿ ನನ್ನ ಅಳತೆಯ ಎರಡು ರವಿಕೆ, ಒಂದು ಚೀಲ ಅವರೆಕಾಯಿ. ನಾನು ಬಾಗಿಲು ಹಾಕಿ ಪರದೆ ಎಳೆದೆ. ಸಂಗೀತದ ಜೊತೆ ಚಿತ್ರ ಶುರುವಾಯಿತು. ಕೋಳಿ ಬಾಯಿ ತೆರೆದು ಯಾವುದೋ ದೇಶದ ಹೆಂಗಸಿನ ದನಿಯಲ್ಲಿ ಕುಕುಕು ಎಂದು ಮಾತಾಡಿತು. ನಾಗು ಬೆಚ್ಚಿಬಿದ್ದಳು.

"ಇವಳ್ಯಾರೇ? ನಮ್ಮಮ್ಮನ ಜಾಗದಲ್ಲಿ ಕೂತ್ಕೊಂಡು ಮಾತಾಡ್ತಾವಳೆ! ತೆಗಿ, ತೆಗಿ ಸೌಂಡು."

ತೆಗೆದೆ. ಆಗ ಅವಳು ಸೆರಗು ನೋಡಿದಳು. ಹೊಳೆ ನೀಲಿ, ಪೊದೆ ಹಸಿರು, ನರಿ ಕೆಂಪು, ಎಲ್ಲಕ್ಕೂ ಬಣ್ಣ ಬಂದಿತ್ತು. ಸೆರಗು ಮಾತ್ರ ಅಚ್ಚ ಬಿಳಿ.

"ಅಯ್ಯೋ ನಮ್ಮಪ್ಪ!" ಎಂದು ನಾಗು ಹೊಟ್ಟೆ ಹಿಡಿದು ನಕ್ಕಳು. "ಬಿಳಿ ಕಾಣ್ತದಲ್ಲ, ಬಿಳಿ! ಗೆದ್ದುಬುಟ್ರು ನೋಡು!"

ನಾನೂ ನಕ್ಕೆ. ನಗುತ್ತಿರುವಾಗಲೇ ಕೋಳಿ ಆ ಜಾಗಕ್ಕೆ ಬಂತು. ನಾನು ಮತ್ತೆ ನಿಲ್ಲಿಸಿದೆ. ಹಾಸ್ಟೆಲಿನಲ್ಲಿ ಎಷ್ಟೋ ಹುಡುಗಿಯರನ್ನು ಎದುರಿಗೆ ನಿಲ್ಲಿಸಿ ತಪ್ಪೊಪ್ಪಿಸಿದ್ದೇನೆ. ಅಂದು ಅವರ ಜಾಗದಲ್ಲಿ ನಾನು ನಿಂತಿದ್ದೆ. ಸೀರೆಯ ಮಡಿಕೆ, ಗೋಂದು, ಮೆಟ್ಟಿಲ ಮೇಲೆ ಬಿಟ್ಟ ಕತ್ತರಿ, ಎಲ್ಲವನ್ನೂ ಒಂದೇ ಸಮ ಹೇಳಿ ಮುಗಿಸಿದೆ. ನಾಗು ಟಿವಿಯ ಕಡೆಯೇ ನೋಡುತ್ತಿದ್ದಳು.

"ಅಮ್ಮಂಗೆ ಗೊತ್ತಿತ್ತಾ?"

"ಗೊತ್ತಿತ್ತು."

"ಅಪ್ಪಂಗೆ?"

"ಇಲ್ಲ."

"ನನ್ ಮದುವೇಲಿ ಪಾಯಸ ಬಡಿಸ್ತಿದ್ದೋಳು ನೀನು," ಎಂದಳು. "ಕತ್ತರಿ ಅಂದಾಗ ನೀನೂ ನಕ್ಕೆ. ನೋಡಿದೀನಿ ನಾನು."

ಅವಳು ಅವರೆಕಾಯಿಯ ಚೀಲ ಹತ್ತಿರ ಎಳೆದುಕೊಂಡು ನಾಲ್ಕು ಕಾಯಿ ಸುಲಿದಳು. ಕಾಳು ಕೈಯಲ್ಲೇ ಉಳಿಯಿತು.

"ತಪ್ಪು ನನ್ ತಲೆಗೆ ಬಂದಿದ್ದು ಹೋಗ್ಲಿ ಬುಡು. ಆ ಹೆಸರೂ ಹೋಗ್ಲಿ, ಅದರಲ್ಲೇ ಅನ್ನ ತಿಂದಿದೀನಿ. ನನ್ ಭಾನುವಾರ ಹೋಯ್ತಲ್ಲೇ ಅಕ್ಕ. ಕಲ್ಲಿನ ಮೇಲೆ ಕೂತು ಏನ್ ಮಾಡ್ತಿದ್ದೆ ಗೊತ್ತಾ? ಒಳಗಿಂದ ಮೆಷಿನ್ನಿನ ಟಕಟಕ ಕೇಳೋದು. ಈಗ ಹೊಳೆ, ಈಗ ಪೊದೆ, ಈಗ ನರಿ ಅಂತ ಲೆಕ್ಕ ಹಾಕ್ಕೊಂಡು, ಆ ಜಾಗ ಬರೋ ಹೊತ್ತಿಗೆ ಅಮ್ಮನ ಮಾತು ನಾನೇ ಹೇಳ್ತಿದ್ದೆ. ಗೊಂಬೆಗೆ."

"ಅಮ್ಮನ ಮಾತು ನೆನಪಿದ್ಯಾ ನಿಂಗೆ?"

"ಯಾಕೆ, ನಿಂಗಿಲ್ವಾ?"

ಇಲ್ಲ ಎಂದು ತಲೆ ಆಡಿಸಿದೆ. ನಾಗು ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಅಳತೆ ತೆಗೆಯುವವಳ ಹಾಗೆ. ಆಮೇಲೆ ರಿಮೋಟು ತೆಗೆದುಕೊಂಡು ಚಿತ್ರವನ್ನು ಮತ್ತೆ ಮೊದಲಿಗೆ ತಂದಳು.

"ಎದ್ದು ಹೊರಗೆ ನಡಿ."

"ಏನು?"

"ಹಿಂದಗಡೆ. ಒಗೆಯೋ ಕಲ್ಲಿನ ಮೇಲೆ ಹೋಗಿ ಕೂತ್ಕೊ. ನಾನು ಮೂರು ಭಾನುವಾರ ಕೂತಿದ್ದೆ."

ನಾನು ಎದ್ದು ಹೋದೆ. ನನ್ನ ಮನೆಯ ಹಿಂದೆ ಸಂಪಿಗೂ ಕಾಂಪೌಂಡಿಗೂ ನಡುವೆ ಒಂದು ಒಗೆಯುವ ಕಲ್ಲಿದೆ. ವಾಷಿಂಗ್ ಮೆಷಿನ್ ಬಂದ ಮೇಲೆ ಅದರ ಮೇಲೆ ಯಾರೂ ಬಟ್ಟೆ ಇಟ್ಟಿಲ್ಲ. ಧೂಳಿನ ಮೇಲೇ ಕೂತೆ. ಒಳಗಿನಿಂದ ಹಿಂಬಾಗಿಲ ಚಿಲಕ ಬಿತ್ತು. ಬಿಸಿಲು ನೇರ ಮುಖಕ್ಕೆ ಹೊಡೆಯುತ್ತಿತ್ತು. ಮೊದಲು ಏನೂ ಕೇಳಲಿಲ್ಲ. ಆಮೇಲೆ ಬಾಗಿಲ ಹಿಂದಿನಿಂದ ಅಜ್ಜಿಯ ನರಿ ಬಂತು, ಹಲ್ಲಿಲ್ಲದ ನರಿ. ಆರು ಮರಿಗಳು ಬಂದವು. ಆಮೇಲೆ ಅಮ್ಮ ಬಂದಳು. ರಸ್ತೆಗೆ ಕೇಳುವಷ್ಟು ದೊಡ್ಡ ದನಿ: "ಎಲ್ ಹೋದ್ಯೇ ನನ್ ಬಂಗಾರ, ಕಣ್ಗೆ ಕಾಣೋ ಹಂಗೆ ಬಾರೇ." ನಾನು ಕಲ್ಲಿನ ಅಂಚು ಹಿಡಿದುಕೊಂಡೆ. ಹೊಳೆ, ಪೊದೆ, ಬಿಲ. ಆಮೇಲೆ ಅದು ಬಂತು.

"ಬೆನ್ ಮೇಲೇ ಕೂತ್ಕೊಂಡು ಊರೆಲ್ಲಾ ಹುಡುಕ್ಸಿದ್ಯಲ್ಲೇ, ಕಳ್ಳಿ!"

ಅದೇ ಮಾತು. ಅದರ ಹಿಂದೆ ಮರಿಯ ಮಾತು ಬರಬೇಕು. ಒಳಗೆ ನಾಗು ಹೇಳಲಿಲ್ಲ, ಸುಮ್ಮನೆ ಕಾಯುತ್ತಿದ್ದಳು. ಕಾಂಪೌಂಡಿನ ಆಚೆ ಯಾರೋ ಸ್ಕೂಟರ್ ಒರೆಸುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡೆ.

"ಇಲ್ಲೇ ಇದೀನಿ ಕಣಮ್ಮ," ಎಂದೆ.

ಚಿಲಕ ತೆಗೆದ ಸದ್ದಾಯಿತು. ನಾಗು ಸೆರಗಿನಲ್ಲಿ ಕಣ್ಣು ಒರೆಸಿಕೊಳ್ಳುತ್ತಾ ಮೆಟ್ಟಿಲ ಮೇಲೆ ನಿಂತಳು.

"ಇದು ಒಂದಾಯ್ತು," ಎಂದಳು. "ಇನ್ನೂ ಎರಡು ಬಾಕಿ ಅದೆ. ಬಾ ಒಳಗೆ, ಕಾಳು ಸುಲಿ."

ಅವಳನ್ನು ಬಸ್ಸು ಹತ್ತಿಸಿ ಬಂದು ನೋಟ್‌ಬುಕ್ ತೆರೆದು ಕೊನೆಯ ಕಲಂ ತುಂಬಿದೆ: ಇದೆ. ಮುಂದಿನ ಎರಡು ಭಾನುವಾರಗಳನ್ನು ಅಡುಗೆಮನೆ ಬಾಗಿಲ ಪಟ್ಟಿಯಲ್ಲಿ ಬರೆದಿದ್ದೇನೆ. ಹತ್ತಕ್ಕೆ ಎಂದು ಬರೆದು, ಹೊಡೆದುಹಾಕಿ, ಹತ್ತೂ ಇಪ್ಪತ್ತಕ್ಕೆ ಎಂದು ತಿದ್ದಿದ್ದೇನೆ. ಕಲ್ಲನ್ನು ಇವತ್ತು ಬೆಳಿಗ್ಗೆ ತೊಳೆದಿಟ್ಟೆ.